ಒಂದೇ ಉಸಿರಿನ ಬೈಗುಳ

ನನ್ನ ಕೆಮ್ಮಿನ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಜಂಬವಿತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ನನ್ನ ದನಿ ಕೇಳಿ ಯಾರೂ ತಲೆ ಎತ್ತಿ ನೋಡಿದ್ದಿಲ್ಲ. ಮನೆಯಲ್ಲಂತೂ ನಾನು ಮಾತಾಡಿದ್ದು ಕೇಳಿಸಿತೋ ಇಲ್ಲವೋ ಎಂದು ತಿಳಿಯಲು ಎರಡೆರಡು ಸಲ ಹೇಳಬೇಕು. ಅಂಥವನು ಕಳೆದ ಧನುರ್ಮಾಸದಲ್ಲಿ ಒಂದು ಸಲ ಕೆಮ್ಮಿದರೆ ಸಾಕು, ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತಿತ್ತು. ಕೊರೋನಾ ಬಂದು ಹೋದ ಮೇಲೆ ಕೆಮ್ಮಿಗೆ ಬಂದಿರುವ ಮರ್ಯಾದೆ ಎಂಥದು ಎಂದು ನಿಮಗೂ ಗೊತ್ತಿರಬೇಕು. ಮೂರು ಜನ ಕೂರುವ ಸೀಟಿನಲ್ಲಿ ನಾನೊಬ್ಬನೇ ಕಾಲು ಚಾಚಿಕೊಂಡು ಹೋಗುತ್ತಿದ್ದೆ.

ಕೆಮ್ಮು ಬರೀ ಕಾಯಿಲೆಯಲ್ಲ, ಅದಕ್ಕೊಂದು ಸಾಮಾಜಿಕ ಸ್ಥಾನಮಾನವಿದೆ ಎಂಬುದು ನನ್ನ ಹಳೆಯ ಅಭಿಪ್ರಾಯ. ನಮ್ಮ ತಾತ ಹೊಲದಿಂದ ಬಂದಾಗ ಜಗಲಿಯ ಮೇಲೆ ನಿಂತು ಒಂದು ಸಲ ಕೆಮ್ಮುತ್ತಿದ್ದರು. ಆ ಕೆಮ್ಮಿಗೂ ಗಂಟಲಿಗೂ ಯಾವ ಸಂಬಂಧವೂ ಇರಲಿಲ್ಲ. ಒಳಗಿದ್ದ ಸೊಸೆಯಂದಿರು ಸೆರಗು ಸರಿಮಾಡಿಕೊಳ್ಳಲಿ, ಆಡುತ್ತಿದ್ದ ಮಾತು ಮಾವನ ಬಗ್ಗೆಯೇ ಆಗಿದ್ದರೆ ಅದನ್ನು ನಿಲ್ಲಿಸಿಕೊಳ್ಳಲಿ ಎಂದು ಕೊಡುತ್ತಿದ್ದ ನೋಟೀಸು ಅದು. ಈಗಿನ ಕಾಲಿಂಗ್ ಬೆಲ್ಲಿಗೆ ಆ ದಾಕ್ಷಿಣ್ಯವಿಲ್ಲ. ನಮ್ಮ ಕಚೇರಿಯಲ್ಲೂ ಸಾಹೇಬರ ಜೀಪು ಗೇಟಿನೊಳಗೆ ಬಂದ ಕೂಡಲೇ ಜವಾನ ನಂಜಪ್ಪ ಎರಡು ಸಲ ಕೆಮ್ಮುತ್ತಾನೆ. ಮೊಬೈಲಿನಲ್ಲಿ ಮುಳುಗಿದ್ದ ತಲೆಗಳೆಲ್ಲ ಫೈಲಿಗೆ ಬರುತ್ತವೆ. ಧನುರ್ಮಾಸದಲ್ಲಿ ನನ್ನ ಕೆಮ್ಮಿನಿಂದಾಗಿ ಈ ವ್ಯವಸ್ಥೆಯೇ ಹಾಳಾಯಿತು. ಯಾವುದು ನಂಜಪ್ಪನದು, ಯಾವುದು ನನ್ನದು ಎಂದು ತಿಳಿಯದೆ ಇಡೀ ಕಚೇರಿ ದಿನವಿಡೀ ಕೆಲಸ ಮಾಡಬೇಕಾಯಿತು. ಅದಕ್ಕಾಗಿ ಸಹೋದ್ಯೋಗಿಗಳು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಶುರುವಾದದ್ದು ಮಾಮೂಲಿ ನೆಗಡಿಯಾಗಿ. ಮೂರು ದಿನಕ್ಕೆ ಮೂಗು ಒಣಗಿತು, ಕಾಯಿಲೆ ಹೋಯಿತು ಎಂದುಕೊಂಡೆ. ಅದು ಹೋಗಿರಲಿಲ್ಲ, ಮೇಲಿನ ಮನೆ ಖಾಲಿ ಮಾಡಿ ಕೆಳಗಿನ ಮನೆಗೆ ಬಂದಿತ್ತು. ಎದೆಯೊಳಗೆ ಯಾರೋ ಕೂತು ತೆಂಗಿನ ಗರಿ ಸೀಳುತ್ತಿರುವಂತೆ ಸದ್ದು. ಕೆಮ್ಮಿ ಕೆಮ್ಮಿ ಪಕ್ಕೆಲುಬು ನೋಯುತ್ತಿತ್ತು. ಹಳದಿ ಕಫ ಬೇರೆ. ಬಸ್ಸಿನಲ್ಲಿ ನನ್ನಿಂದ ಮೂರು ಸೀಟು ದೂರ ಸರಿದು ಕೂತವರೆಲ್ಲ ಆ ದೂರದಿಂದಲೇ ಔಷಧಿ ಹೇಳುತ್ತಿದ್ದರು. ನಮ್ಮ ಸೀಮೆಯ ಜನರ ಸ್ವಭಾವವೇ ಅದು. ಮುಟ್ಟಿಸಿಕೊಳ್ಳುವುದಿಲ್ಲ, ಆದರೆ ಕೈಬಿಡುವುದೂ ಇಲ್ಲ. ಒಬ್ಬರು ದೊಡ್ಡಪತ್ರೆ ಎಲೆ ಬಾಡಿಸಿ ರಸ ಕುಡಿಯಲು ಹೇಳಿದರು, ಇನ್ನೊಬ್ಬರು ವೀಳ್ಯದೆಲೆಗೆ ಮೆಣಸು ಇಟ್ಟು ಜಗಿಯಲು. ಕಂಡಕ್ಟರ್ ಟಿಕೆಟ್ ಹರಿದುಕೊಡುತ್ತಾ ಹಸಿಶುಂಠಿ ಎಂದ. ಹಲಗೂರಿಗೆ ಹೋಗುವ ಅಜ್ಜಿಯೊಬ್ಬರು ಮಾತ್ರ ಯಾವ ಔಷಧಿಯನ್ನೂ ಹೇಳದೆ, "ಪಾಪ, ಸಣ್ಣ ವಯಸ್ಸು" ಎಂದು ಲೊಚಗುಟ್ಟಿದರು. ಐವತ್ನಾಲ್ಕಕ್ಕೆ ನನ್ನನ್ನು ಸಣ್ಣ ವಯಸ್ಸು ಅಂದವರು ಅವರೊಬ್ಬರೇ. ಆ ಸಂತೋಷಕ್ಕೆ ಆ ದಿನ ಕೆಮ್ಮು ಸ್ವಲ್ಪ ಕಡಿಮೆಯಾದಂತೆಯೂ ಅನ್ನಿಸಿತು.

ಎಂಟನೆಯ ದಿನ ಹೆಂಡತಿ ಪ್ರೇಮಾ, "ರೀ, ನೀವು ಕೆಮ್ಮಿದ್ರೆ ಕೆಳಗಿನ ಮನೆಯವ್ರು ಫ್ಯಾನು ಬಿತ್ತೇನೋ ಅಂತ ಮೇಲೆ ನೋಡ್ತಾರಂತೆ, ಇವತ್ತು ಡಾಕ್ಟ್ರಿಗೆ ತೋರಿಸ್ಕಂಡೇ ಬನ್ನಿ" ಎಂದು ಹೊರಗೆ ಕಳಿಸಿದಳು. ಮದ್ದೂರಿನಲ್ಲಿ ನಮ್ಮ ಬೀದಿಯ ತುದಿಗೇ ಒಂದು ಸಣ್ಣ ಕ್ಲಿನಿಕ್ಕಿದೆ. ಅಲ್ಲಿನ ವೈದ್ಯೆ ನನ್ನ ಮಗಳ ವಯಸ್ಸಿನವರು. ಎದೆಗೆ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಕೇಳಿದರು, ಬೆರಳಿಗೆ ಕ್ಲಿಪ್ಪಿನಂಥ ಯಂತ್ರ ಸಿಕ್ಕಿಸಿ ನೋಡಿದರು, ಬ್ರಾಂಕೈಟಿಸ್ ಎಂದರು. ನಾನು ಆಗಲೇ ತೋಳು ಮಡಿಸಿ ಸಿದ್ಧನಾಗಿದ್ದೆ. ನಮ್ಮ ಕಡೆ ಡಾಕ್ಟರ ಹತ್ತಿರ ಹೋಗಿ ಸೂಜಿ ಹಾಕಿಸಿಕೊಳ್ಳದೆ ಬರುವುದೆಂದರೆ ಮದುವೆಗೆ ಹೋಗಿ ಊಟ ಮಾಡದೆ ಬಂದ ಹಾಗೆ. ಆ ಹುಡುಗಿ ನನ್ನ ತೋಳಿನ ಕಡೆ ನೋಡಲೂ ಇಲ್ಲ.

ಬದಲಿಗೆ ಒಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಗಂಟಲಿನಿಂದ ಕೆಳಗೆ ನಮ್ಮೊಳಗೆ ತಲೆಕೆಳಗಾದ ಒಂದು ಮರವಿದೆಯಂತೆ. ಬುಡ ಗಂಟಲಲ್ಲಿ, ಕೊಂಬೆಗಳು ಎದೆಯಲ್ಲಿ. ನನ್ನದರಲ್ಲಿ ಕೊಂಬೆಗಳ ಒಳಗೋಡೆ ಊದಿಕೊಂಡಿದೆ. ಹೆಚ್ಚಾಗಿ ಇದು ವೈರಸ್ಸಿನಿಂದ ಬರುವುದು, ಆ್ಯಂಟಿಬಯೋಟಿಕ್ ಇದಕ್ಕೆ ಏನೂ ಮಾಡುವುದಿಲ್ಲ, ಕೆಮ್ಮು ಮೂರು ವಾರದವರೆಗೂ ಇರಬಹುದು, ತಾನಾಗಿಯೇ ಹೋಗುತ್ತದೆ. ಬಿಸಿನೀರು ಕುಡಿಯಿರಿ, ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಿ, ಮಲಗುವ ಮುಂಚೆ ಒಂದು ಚಮಚ ಜೇನು, ಹೊಗೆ ಧೂಳಿನಿಂದ ದೂರ, ಆದಷ್ಟು ವಿಶ್ರಾಂತಿ. ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿಬಿಡೋಣ, ಭಯಕ್ಕಲ್ಲ, ನಿಶ್ಚಿಂತೆಗೆ. ಇಷ್ಟನ್ನೂ ಹೇಳಿ, "ಆದರೆ ಸರ್, ಇವು ಬಂದರೆ ಮಾತ್ರ ಕಾಯಬೇಡಿ" ಎಂದು ಬೆರಳು ಮಡಿಸಿದರು. ಮೂರು ದಿನವಾದರೂ ಬಿಡದ ಜ್ವರ. ಕಫದಲ್ಲಿ ರಕ್ತ. ಉಸಿರೆಳೆದರೆ ಎದೆ ಚುಚ್ಚುವುದು. ತುಟಿ ನೀಲಿಯಾಗುವುದು. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುವುದು. "ಇನ್ನೊಂದು, ಒಂದು ವಾಕ್ಯವನ್ನು ಪೂರ್ತಿ ಹೇಳಿ ಮುಗಿಸೋದಕ್ಕೆ ಉಸಿರು ಸಾಕಾಗದಿದ್ದರೆ, ಅವತ್ತೇ ಬನ್ನಿ."

ಹೊರಗೆ ಬಂದಾಗ ನನಗೆ ಮೋಸವಾದಂತೆ ಅನ್ನಿಸಿತು. ಇಷ್ಟು ದೊಡ್ಡ ಕೆಮ್ಮಿಗೆ ಇಷ್ಟು ಸಣ್ಣ ಔಷಧಿಯೇ? ಮರುದಿನ ಕಚೇರಿಯಲ್ಲಿ ನಂಜಪ್ಪ ಮೊದಲು ಕೇಳಿದ್ದೇ, "ಸೂಜಿ ಆಕುದ್ರಾ ಸಾ?" ಇಲ್ಲವೆಂದೆ. ಅವನು ನನ್ನನ್ನು ನೋಡಿದ ನೋಟದಲ್ಲಿ ಮರುಕವಿತ್ತು. "ಬುಡಿ ಸಾ, ಇನ್ನೂ ಕಲೀತಾ ಇರೋ ಡಾಕ್ಟ್ರು ಅಂತ ಕಾಣ್ತದೆ" ಎಂದು ಸಮಾಧಾನ ಹೇಳಿದ.

ಔಷಧಿ ಸಣ್ಣದಾದರೂ ವಾಕ್ಯದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಗುಮಾಸ್ತನಿಗೆ ವಾಕ್ಯಗಳಿಗೇನು ಕೊರತೆ? ನಮ್ಮ ಕಚೇರಿಯ ಪತ್ರಗಳ ಮೊದಲ ವಾಕ್ಯ ಒಂದೂವರೆ ಪುಟವಿರುತ್ತದೆ. ನಾವಿರುವುದು ಮೇಲಿನ ಮಹಡಿಯಲ್ಲಿ, ಇಪ್ಪತ್ತೆರಡು ಮೆಟ್ಟಿಲು. ದಿನಾ ಸಂಜೆ ಹತ್ತಿ ಬಂದು ಬಾಗಿಲ ಬಳಿ ನಿಂತು, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಎಂದು ಶುರುಮಾಡಿ ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡುತ್ತಿದ್ದೆ. ಕೆಳಗಿನ ಮನೆಯವರು ಇದನ್ನು ಎರಡು ದಿನ ಕೇಳಿಸಿಕೊಂಡು, ಮೂರನೆಯ ದಿನ ಪ್ರೇಮಾಳ ಹತ್ತಿರ ಏನೋ ಪಿಸುಗುಟ್ಟಿದರಂತೆ. ಅದೇನೆಂದು ಅವಳು ನನಗೆ ಹೇಳಿಲ್ಲ. ನಾನು ಮಾತ್ರ ಪ್ರತಿ ಸಲವೂ ಪಾಸು. ಟವಲ್ ಹೊದ್ದುಕೊಂಡು ಪಾತ್ರೆಯ ಮುಂದೆ ಹಬೆ ತೆಗೆದುಕೊಳ್ಳುತ್ತಾ, ಉಪ್ಪುನೀರು ಗುಳುಗುಳು ಮಾಡುತ್ತಾ, ಪ್ರೇಮಾಳ ಊದಿನಕಡ್ಡಿಯನ್ನು ಬಾಲ್ಕನಿಗೆ ಗಡೀಪಾರು ಮಾಡುತ್ತಾ ದಿನ ತಳ್ಳಿದೆ. ಎರಡನೆಯ ವಾರ ಮುಗಿದಾಗ ಕಫದ ಡಬ್ಬಿ ಹಿಡಿದುಕೊಂಡು, ದಾರಿಯಲ್ಲಿ ಪರಿಚಯದವರು ಯಾರೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಾ ಹೋಗಿ ಕೊಟ್ಟುಬಂದೆ. ಅದರಲ್ಲೂ ಏನೂ ಇರಲಿಲ್ಲ.

ಅಷ್ಟು ಹೊತ್ತಿಗೆ ನನ್ನ ಕೆಮ್ಮಿನ ಸುದ್ದಿ ಕೆರಗೋಡಿನ ಕಡೆ ತಲುಪಿ ನಮ್ಮಕ್ಕ ಬಂದಿಳಿದಳು.

ಅಕ್ಕನ ಹೆಸರು ಚಿಕ್ಕತಾಯಮ್ಮ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅವ್ವ ಗದ್ದೆಗೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಕೆರಗೋಡಿನ ಪಕ್ಕದ ಹಳ್ಳಿಗೆ ಮದುವೆಯಾಗಿ ಹೋದ ಮೇಲೆ ಭಾವನ ಗದ್ದೆಯ ಬದಿಯ ಆಲೆಮನೆಯೇ ಅವಳ ರಾಜ್ಯ. ಕಬ್ಬಿನ ಹಾಲು ಕುದ್ದು ಬೆಲ್ಲವಾಗಬೇಕಾದರೆ ಒಲೆಯ ಬೆಂಕಿ ಹದವಾಗಿರಬೇಕು. ಒಂದು ಹಿಡಿ ಉರುವಲು ಹೆಚ್ಚಾದರೆ ಪಾಕ ಕಪ್ಪು, ಕಡಿಮೆಯಾದರೆ ಬೆಲ್ಲ ಗಟ್ಟಿಯಾಗುವುದಿಲ್ಲ. ನಲವತ್ತು ವರ್ಷದಿಂದ ಒಲೆಯ ಬಾಯಿಯ ಮುಂದೆ ನಿಂತು ಒಣಗಿದ ಕಬ್ಬಿನ ಸಿಪ್ಪೆಯನ್ನು ಕಂತೆಕಂತೆಯಾಗಿ ಒಳಗೆ ತಳ್ಳುತ್ತಿರುವವಳು ಅಕ್ಕ. ಆಳುಗಳ ಕೈಗೆ ಒಂದು ದಿನವೂ ಬಿಟ್ಟವಳಲ್ಲ. "ಬೆಂಕಿ ಬಾಸೆ ಅವ್ರಿಗೆ ಗೊತ್ತಾಗಾಕಿಲ್ಲ ಕಣ್ಲಾ" ಎನ್ನುತ್ತಾಳೆ.

ಆ ಹೊಗೆ ಕುಡಿದವರಿಗೆಲ್ಲ ಒಂದು ಕೆಮ್ಮು ಬರುತ್ತದೆ. ಆ ಹಳ್ಳಿಯಲ್ಲಿ ಅದಕ್ಕೆ ಆಲೆಮನೆ ಕೆಮ್ಮು ಎಂದೇ ಹೆಸರು. ಕಬ್ಬು ಅರೆಯುವ ಕಾಲಕ್ಕೆ ಬಂದು, ಮಳೆಗಾಲಕ್ಕೆ ಸ್ವಲ್ಪ ಕಡಿಮೆಯಾಗಿ, ಮತ್ತೆ ಬರುವ ಕೆಮ್ಮು. ಅದಕ್ಕೆ ಔಷಧಿಯೂ ಅಲ್ಲೇ ಇದೆ. ಕೊಪ್ಪರಿಗೆಯಿಂದ ಆಗತಾನೇ ಇಳಿಸಿದ ಬಿಸಿ ಬೆಲ್ಲದ ಒಂದು ಉಂಡೆ. ಬೆಲ್ಲ ತಿಂದರೆ ಎದೆಯಲ್ಲಿ ಕೂತ ಹೊಗೆಯೆಲ್ಲ ಇಳಿದುಹೋಗುತ್ತದೆ ಎಂದು ಅಲ್ಲಿ ಪ್ರತಿಯೊಬ್ಬರೂ ನಂಬುತ್ತಾರೆ. ನಾನೂ ನಂಬಿದ್ದೆ. ಗಂಟಲಿಗೆ ಹಿತವಾಗುವುದೂ ನಿಜ. ಊರಿಗೆ ಊರೇ ಕೆಮ್ಮುತ್ತಿದ್ದು, ಆ ಕೆಮ್ಮಿಗೆ ಒಂದು ಮುದ್ದಾದ ಹೆಸರೂ ಇದ್ದು, ಔಷಧಿಯೂ ಸಿಹಿಯಾಗಿದ್ದರೆ ಅದನ್ನು ಕಾಯಿಲೆ ಎಂದು ಯಾರಿಗೆ ತಾನೆ ಅನ್ನಿಸೀತು?

ಅಕ್ಕನ ಇನ್ನೊಂದು ಖ್ಯಾತಿ ಅವಳ ಬೈಗುಳ. ಬೈಗುಳವೆಂದರೆ ಕೆಟ್ಟ ಮಾತಲ್ಲ. ಪ್ರೀತಿ ಹೆಚ್ಚಾದಾಗಲೆಲ್ಲ ನಮ್ಮ ಸೀಮೆಯವರು ಬೈಯುತ್ತಾರೆ, ಮೆತ್ತಗೆ ಮಾತಾಡಿದರೆ ಏನೋ ಎಡವಟ್ಟಾಗಿದೆ ಎಂದು ಅರ್ಥ. ಅಕ್ಕ ಒಂದೇ ಉಸಿರಿನಲ್ಲಿ ಬೈಯುತ್ತಿದ್ದಳು. ಪೂರ್ಣವಿರಾಮವಿಲ್ಲ, ಅಲ್ಪವಿರಾಮವೂ ಇಲ್ಲ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಫೇಲಾದ ದಿನ ಅವಳು ಆಲೆಮನೆಯ ಬಾಗಿಲಲ್ಲಿ ಶುರುಮಾಡಿದ್ದು, ನಾನು ಬೈಸಿಕೊಳ್ಳುತ್ತಾ ಬೈಸಿಕೊಳ್ಳುತ್ತಾ ನಡೆದು ಬಸ್‌ಸ್ಟಾಪಿಗೆ ಬಂದರೂ ಮುಗಿದಿರಲಿಲ್ಲ. ಕೇಳಿದವರು ಅವಳ ಎದೆಯೊಳಗೆ ಎಷ್ಟು ಗಾಳಿಯಿದೆ ಎಂದು ಆಶ್ಚರ್ಯಪಡುತ್ತಿದ್ದರು.

ಈ ಸಲ ಬಂದವಳು ಕೈಯಲ್ಲಿ ನಾಲ್ಕು ಅಚ್ಚು ಬೆಲ್ಲ, ದೊಡ್ಡಪತ್ರೆಯ ಒಂದು ಗಿಡವನ್ನೇ ಬೇರು ಸಮೇತ ತಂದಿದ್ದಳು. ಬಾಗಿಲು ತೆಗೆದರೆ ಮಾತಾಡಲಿಲ್ಲ. ಗೋಡೆ ಹಿಡಿದುಕೊಂಡು ನಿಂತು ಒಂದು ನಿಮಿಷ ನನ್ನನ್ನೇ ನೋಡಿದಳು. ಆಮೇಲೆ ಶುರುಮಾಡಿದಳು.

"ಲೋ ಸಿವಲಿಂಗ, ಬಸ್ಸಲ್ಲಿ ಕಿಟ್ಕಿ ಪಕ್ಕ ಕುಂತ್ಕಬ್ಯಾಡ ಅಂತ... ಎಷ್ಟು ಸಲ ಏಳಿಲ್ಲ ನಿಂಗೆ... ತಲೆಗೊಂದು ಟವಲ್ ಕಟ್ಕಳಕ್ಕೆ... ಏನಾಗಿತ್ತು ರೋಗ?"

ಅಷ್ಟೇ. ಮುಗಿಯಿತು. ನಾನು ಇನ್ನೂ ಬರುತ್ತದೆ ಎಂದು ತಲೆ ತಗ್ಗಿಸಿಕೊಂಡು ನಿಂತೇ ಇದ್ದೆ.

ಈಗ ನನ್ನ ಬುದ್ಧಿವಂತಿಕೆಯನ್ನು ಕೇಳಿ. ಅಕ್ಕ ಅಲ್ಲಲ್ಲಿ ನಿಲ್ಲಿಸಿ ನಿಲ್ಲಿಸಿ ಬೈದದ್ದನ್ನು ಕಂಡು ನನಗೆ ಖುಷಿಯಾಯಿತು. ವಯಸ್ಸಾಗುತ್ತಾ ಮನುಷ್ಯ ಮಾಗುತ್ತಾನಲ್ಲವೇ, ನಮ್ಮಕ್ಕನೂ ಮೆತ್ತಗಾದಳು ಎಂದುಕೊಂಡೆ. ಪ್ರೇಮಾಳಿಗೂ ಹೇಳಿದೆ. ವಯಸ್ಸಾದವರ ಮಾತಿನ ನಡುವಿನ ಮೌನ ಎಷ್ಟು ಅರ್ಥಪೂರ್ಣ ಎಂದು ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಸಣ್ಣದೊಂದು ಭಾಷಣವನ್ನೇ ಮಾಡಿದೆ. ನನ್ನ ಕೆಮ್ಮಿನ ಸದ್ದಿನ ನಡುವೆ ಅಕ್ಕನ ಕೆಮ್ಮು ನನಗೆ ಕೇಳಿಸಲೇ ಇಲ್ಲ. ಅದು ಸದ್ದು ಮಾಡುವ ಕೆಮ್ಮೂ ಆಗಿರಲಿಲ್ಲ. ಸೆರಗಿನ ಒಳಗೆ ಎರಡು ಸಣ್ಣ ಗೊಕ್ಕು, ಅಷ್ಟೇ.

ಎರಡು ದಿನ ಅವಳು ನನ್ನ ಆರೈಕೆ ಮಾಡಿದಳು. ನನಗೆ ಹಬೆಗೆ ನೀರು ಕಾಯಿಸಿದಳು, ಎದೆಗೆ ಬಿಸಿ ಎಣ್ಣೆ ತಿಕ್ಕಿದಳು, ಪ್ರತಿ ಗಂಟೆಗೊಮ್ಮೆ ಬೆಲ್ಲದ ಚೂರು ಬಾಯಿಗೆ ತುರುಕಿದಳು. ತಾನೂ ಒಂದು ಚೂರು ಹಾಕಿಕೊಳ್ಳುತ್ತಿದ್ದಳು. ನಾನು ಚಕ್ರವರ್ತಿಯಂತೆ ಮಲಗಿಕೊಂಡು ಕೆಮ್ಮುತ್ತಿದ್ದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಪ್ರೇಮಾ ಬಂದು ನನ್ನ ಪಕ್ಕ ಕೂತಳು. "ರೀ, ಅತ್ತಿಗೆ ಬಂದಾಗಿಂದ ಮಲಗೇ ಇಲ್ಲ. ಗೋಡೆಗೆ ಎರಡು ದಿಂಬು ಇಟ್ಕಂಡು ಕೂತೇ ನಿದ್ದೆ ಮಾಡ್ತಾರೆ. ಕೇಳಿದ್ರೆ ಮಲಗಿದ್ರೆ ಎದೆ ಕಟ್ತದೆ ಅಂದ್ರು. ನೆನ್ನೆಯಿಂದ ಮೈಯೂ ಬಿಸಿ."

ನಾನು ಎದ್ದು ನಡುಮನೆಗೆ ಹೋದೆ. ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಅವಳ ಹೆಗಲು ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತಿತ್ತು. ಒಲೆಗೆ ಸಿಪ್ಪೆ ತಳ್ಳುವಾಗ ಆಡುತ್ತದಲ್ಲ, ಹಾಗೆ. ಕೂತಲ್ಲೇ ದುಡಿಯುತ್ತಿದ್ದಳು ನಮ್ಮಕ್ಕ, ಬರೀ ಉಸಿರಾಡುವುದಕ್ಕೆ. ವೈದ್ಯೆ ಮಡಿಸಿದ್ದ ಬೆರಳುಗಳು ಆಗ ನೆನಪಿಗೆ ಬಂದವು. ಹನ್ನೆರಡು ದಿನದಿಂದ ಆ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ನಾನು ನನ್ನನ್ನೊಬ್ಬನನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ನಿಂತು ಅವಳು ನಾಲ್ಕು ತುಂಡು ಮಾಡಿ ಬೈದದ್ದು ಮಾಗಿದ ಮನಸ್ಸಿನ ಮೌನವಲ್ಲ. ಗಾಳಿ ಸಾಲದೆ ನಿಂತದ್ದು.

"ಅಕ್ಕಾ, ಏಳು, ಡಾಕ್ಟ್ರತ್ರ ಹೋಗಿಬರೋಣ" ಎಂದೆ.

"ನಂಗೇನ್ಲಾ ಆಗಿರದು... ಆಲೆಮನೆ ಕೆಮ್ಮು ಕಣ್ಲಾ ಇದು... ಕಾಯ್ಲೆ ಅಲ್ಲ. ಈ ಸಲ ವಸಿ... ಜಾಸ್ತಿ ಅದೆ. ಬೆಲ್ಲ ತಿಂದ್ರೆ ಓಯ್ತದೆ ಬುಡು."

ಅವಳನ್ನು ಒಪ್ಪಿಸುವುದು ನನ್ನಿಂದ ಆಗುವ ಕೆಲಸವಲ್ಲ. ಭಾವನಿಂದಲೇ ಆಗಿಲ್ಲ. ಆದರೆ ಇಪ್ಪತ್ತೆಂಟು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತವನಿಗೆ ಫೈಲನ್ನು ಬೇರೆ ಮೇಜಿನ ಮೂಲಕ ಸಾಗಿಸುವುದು ಗೊತ್ತಿರುತ್ತದೆ. "ನಿನಗಲ್ಲ ಕಣಕ್ಕ, ನನಗೇ. ಆ ಡಾಕ್ಟ್ರು ನನಗೆ ಒಂದು ಸೂಜಿನೂ ಹಾಕ್ಲಿಲ್ಲ, ಬಿಸಿನೀರು ಕುಡಿ ಅಂತ ಕಳಿಸಿಬಿಟ್ಳು. ನಾನು ಹೇಳಿದ್ರೆ ಕೇಳೋದಿಲ್ಲ, ನೀನೇ ಬಂದು ಹೇಳು" ಎಂದೆ.

ಅಕ್ಕ ಕಣ್ಣು ಬಿಟ್ಟಳು. "ಸೂಜಿ ಆಕ್ನಿಲ್ವಾ? ಅದೆಂಗೆ... ಆಕಾಕಿಲ್ವೋ... ನೋಡ್ತೀನಿ ನಡಿ" ಎಂದು ಗೋಡೆ ಹಿಡಿದು ಎದ್ದಳು.

ಇಪ್ಪತ್ತೆರಡು ಮೆಟ್ಟಿಲು ಇಳಿಯುವುದರಲ್ಲಿ ಮೂರು ಕಡೆ ಕೂತಳು. ಭಾನುವಾರವಾದರೂ ವೈದ್ಯೆ ಇದ್ದರು. ಅದು ನಮ್ಮ ಪುಣ್ಯ. ಅಕ್ಕ ಕುರ್ಚಿಯಲ್ಲಿ ಕೂರುವ ಮೊದಲೇ ಶುರುಮಾಡಿದಳು. "ಏನವ್ವ... ನಮ್ ಉಡುಗ ಇಪ್ಪತ್ ದಿವ್ಸದಿಂದ... ಎದೆ ಅರ್ದೋಗಂಗೆ... ಕೆಮ್ತಾವ್ನೆ... ನೀನು... ಒಂದು ಸೂಜಿ..." ಎಂದವಳು ಅಲ್ಲಿಗೆ ನಿಂತುಬಿಟ್ಟಳು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಅವಳ ಉಗುರುಗಳ ಬುಡ ನೇರಳೆಯಾಗಿತ್ತು.

ವೈದ್ಯೆ ನನ್ನ ಕಡೆ ನೋಡಲಿಲ್ಲ. "ಹಾಕ್ತೀನಿ ಅಮ್ಮ, ಖಂಡಿತ ಹಾಕ್ತೀನಿ, ಮೊದಲು ನಿಮ್ಮ ಬೆರಳು ಕೊಡಿ" ಎಂದು ಕ್ಲಿಪ್ಪು ಸಿಕ್ಕಿಸಿದರು. ಅದರಲ್ಲಿ ಬಂದ ಅಂಕಿಯನ್ನು ನೋಡಿ ಫೋನು ಎತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ಬಂತು, ಮೂಗಿಗೆ ಆಕ್ಸಿಜನ್ ಬಂತು. ಮಂಡ್ಯದ ಆಸ್ಪತ್ರೆಯ ದಾರಿಯಲ್ಲಿ ಅಕ್ಕ ನನ್ನ ಕೈ ಬಿಡಲಿಲ್ಲ. ನಾನು ದಾರಿಯುದ್ದಕ್ಕೂ ಒಂದೇ ಒಂದು ಸಲವೂ ಕೆಮ್ಮಲಿಲ್ಲ. ಎಲ್ಲಿ ಹೋಗಿತ್ತೋ ಅದು, ನನಗೆ ಈಗಲೂ ತಿಳಿಯದು.

ಬಲಗಡೆಯ ಶ್ವಾಸಕೋಶಕ್ಕೆ ಸೋಂಕು ಹಿಡಿದು ನ್ಯುಮೋನಿಯಾ ಆಗಿತ್ತು. ಅದಕ್ಕಿಂತ ಹಳೆಯದು ಇನ್ನೊಂದು ಕೆಳಗಿತ್ತು. ನಲವತ್ತು ವರ್ಷದ ಹೊಗೆಯಿಂದ ಆ ತಲೆಕೆಳಗಾದ ಮರದ ಕೊಂಬೆಗಳೆಲ್ಲ ಕಿರಿದಾಗಿದ್ದವು. ಅದಕ್ಕೂ ದೊಡ್ಡದೊಂದು ಇಂಗ್ಲಿಷ್ ಹೆಸರಿತ್ತು. ಆಲೆಮನೆ ಕೆಮ್ಮು ಎನ್ನುವಷ್ಟು ಮುದ್ದಾದ ಹೆಸರಲ್ಲ. ಇನ್ನು ಒಂದೆರಡು ದಿನ ಬಿಟ್ಟು ಬಂದಿದ್ದರೆ ಕಷ್ಟವಿತ್ತು ಎಂದರು ಅಲ್ಲಿನ ಡಾಕ್ಟರು.

ಸಂಜೆಯ ಬಸ್ಸಿಗೆ ಭಾವ ಬಂದರು. ಕೊಪ್ಪರಿಗೆಯನ್ನು ಆಳುಗಳ ಕೈಗೆ ಬಿಟ್ಟು ಹಾಗೇ ಓಡಿಬಂದಿದ್ದರು. ಹೆಗಲ ಮೇಲಿನ ಟವಲಿನಿಂದ ಬೆಲ್ಲದ ವಾಸನೆ ಬರುತ್ತಿತ್ತು. ಆಕ್ಸಿಜನ್ ಮಾಸ್ಕಿನೊಳಗಿದ್ದ ಅಕ್ಕನ ಮುಖವನ್ನು ಬಾಗಿಲಿನಿಂದಲೇ ನೋಡಿ ಹೊರಗಿನ ಬೆಂಚಿನ ಮೇಲೆ ಕುಸಿದರು. "ಎಲ್ರುಗೂ ಇರ್ತದೆ ಅಲ್ವೇನಪ್ಪ ಸಿವಲಿಂಗು ಆ ಕೆಮ್ಮು... ನಂಗೂ ಅದೆ. ನಮ್ಮಪ್ಪಂಗೂ ಇತ್ತು. ಅದು ಕಾಯ್ಲೆ ಅಂತ ಯಾರ್ಗೊತ್ತು?" ಎಂದರು. ಆಮೇಲೆ, "ಒಂದ್ ತಿಂಗ್ಳಿಂದ ನನ್ನ ಬೈಯ್ತಾನೇ ಇರ್ನಿಲ್ಲ ಕಣಪ್ಪ ಇವ್ಳು. ನನ್ ಕಂಡ್ರೆ ಬೇಜಾರಾಗದೆ ಅಂದ್ಕಂಡಿದ್ದೆ" ಎಂದು ಟವಲಿನಿಂದ ಕಣ್ಣು ಒರೆಸಿಕೊಂಡರು. ನಾವಿಬ್ಬರೂ ಒಂದೇ ತಪ್ಪು ಮಾಡಿದ್ದೆವು. ಅವರ ಪಕ್ಕ ಕೂತು ನಾನೂ ಅತ್ತೆ. ಐವತ್ನಾಲ್ಕು ವರ್ಷದ ಗುಮಾಸ್ತ ಆಸ್ಪತ್ರೆಯ ಬೆಂಚಿನ ಮೇಲೆ ಅಳುವುದನ್ನು ನೋಡಿ ನರ್ಸಮ್ಮ ಒಂದು ಲೋಟ ನೀರು ತಂದುಕೊಟ್ಟರು.

ಅಕ್ಕ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಸೂಜಿ ಬೇಕಾದಷ್ಟು ಬಿದ್ದವು. ನಂಜಪ್ಪ ನೋಡಲು ಬಂದವನು ಅವಳ ಕೈ ತುಂಬಾ ಇದ್ದ ಗುರುತುಗಳನ್ನು ಕಂಡು, "ಇದು ಆಸ್ಪತ್ರೆ ಅಂದ್ರೆ" ಎಂದು ಗೌರವದಿಂದ ತಲೆಯಾಡಿಸಿದ. ಐದನೆಯ ದಿನ ಮಾಸ್ಕು ತೆಗೆದಾಗ ಅವಳ ಮೊದಲ ಮಾತು, "ಒಲೆ ಯಾರು... ನೋಡ್ಕತಾವ್ರೆ?" ಎಂಟನೆಯ ದಿನ ಊಟ ತಂದ ಭಾವನಿಗೆ, ಸಾರಿಗೆ ಉಪ್ಪಿಲ್ಲವೆಂದು ಏಳೆಂಟು ಪದಗಳನ್ನು ಒಟ್ಟಿಗೇ ಬೈದಳು. ಭಾವ ಕ್ಯಾರಿಯರ್ ಹಿಡಿದುಕೊಂಡು ವಾರ್ಡಿನ ಆಚೆ ಬಂದು ನನಗೆ ಅದನ್ನು ಅಕ್ಷರಶಃ ಒಪ್ಪಿಸಿದರು.

ಮನೆಗೆ ಕಳಿಸುವಾಗ ಡಾಕ್ಟರು ಒಂದು ಪಂಪು ಕೊಟ್ಟರು. ಇನ್ಹೇಲರ್ ಎನ್ನುವುದು ನಮ್ಮಕ್ಕನ ಬಾಯಲ್ಲಿ ಪಂಪು. ಅದನ್ನು ಒತ್ತಿ, ಒಳಗೆಳೆದು, ಹತ್ತು ಎಣಿಸುವವರೆಗೂ ಉಸಿರು ಹಿಡಿಯಬೇಕು. ಇದು ಜೀವನಪೂರ್ತಿ. ಮತ್ತೆ ಒಲೆಯ ಬಾಯಿಗೆ ಹೋಗುವಂತಿಲ್ಲ. ಎರಡನೆಯ ಮಾತಿಗೆ ಅಕ್ಕ ಮೊದಲನೆಯದಕ್ಕಿಂತ ಹೆಚ್ಚು ಅತ್ತಳು. ನಲವತ್ತು ವರ್ಷ ತನಗೊಬ್ಬಳಿಗೇ ಗೊತ್ತಿದ್ದ ಕೆಲಸವನ್ನು ಬಿಟ್ಟುಬಿಡು ಎಂದರೆ ಯಾರಿಗಾದರೂ ಹಾಗೇ ಆಗುತ್ತದೆ. ಕೊನೆಗೆ ಭಾವನೇ ಒಂದು ಉಪಾಯ ಹುಡುಕಿದರು. ಗಾಳಿ ಬರುವ ದಿಕ್ಕಿಗೆ, ಹೊಗೆ ಸುಳಿಯದಷ್ಟು ದೂರದಲ್ಲಿ, ಹೊಂಗೆಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಈಗ ಅಕ್ಕ ಅಲ್ಲಿಂದ ಬೆಂಕಿಯ ಬಣ್ಣ ನೋಡಿ ಹೇಳುತ್ತಾಳೆ, ಭಾವ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಸಿಪ್ಪೆ ತಳ್ಳುತ್ತಾರೆ. ಅವರನ್ನೂ ಮಂಡ್ಯಕ್ಕೆ ಕರೆದುಕೊಂಡು ಹೋಗಿ ಎದೆ ತೋರಿಸಿದ್ದಾಯಿತು. ಬೆಲ್ಲದ ಹದ ಕೆಟ್ಟಿಲ್ಲ ಎನ್ನುತ್ತಾರೆ ಭಾವ. ಹದ ಸ್ವಲ್ಪ ಕೆಟ್ಟಿದೆ ಎಂದು ಅಕ್ಕ ಹೇಳುತ್ತಾಳೆ.

ನನ್ನ ಕೆಮ್ಮು ಏನಾಯಿತು ಎಂದು ನೀವು ಕೇಳಲಿಲ್ಲ. ಯಾರೂ ಕೇಳಲಿಲ್ಲ. ಅದು ಯಾವತ್ತೋ ಒಂದು ದಿನ, ಅಕ್ಕ ಆಸ್ಪತ್ರೆಯಲ್ಲಿದ್ದಾಗ, ಹೇಳದೆ ಕೇಳದೆ ಹೊರಟುಹೋಗಿತ್ತು. ಆ ವೈದ್ಯೆ ಹೇಳಿದ ಲೆಕ್ಕಕ್ಕೆ ಸರಿಯಾಗಿ ಮೂರು ವಾರ ಹಿಡಿದಿರಬೇಕು. ಬಸ್ಸಿನಲ್ಲಿ ಈಗ ಮತ್ತೆ ಇಬ್ಬರ ನಡುವೆ ಇರುಕಿಕೊಂಡು ಹೋಗುತ್ತೇನೆ. ಯಾರಾದರೂ ಜೋರಾಗಿ ಕೆಮ್ಮಿದರೆ ಎಲ್ಲರೂ ಅವರ ಕಡೆ ತಿರುಗುತ್ತಾರೆ. ನಾನು ಅವರ ಪಕ್ಕ ಸದ್ದಿಲ್ಲದೆ ಕೂತಿರುವವರನ್ನೂ ಒಂದು ಸಲ ನೋಡುತ್ತೇನೆ. ಮಾತಾಡಿಸಿ, ಊರು ಯಾವುದು ಎಂದು ಕೇಳಿ, ಉತ್ತರ ಎಷ್ಟು ಉದ್ದ ಬರುತ್ತದೆ ಎಂದು ಕಾಯುತ್ತೇನೆ. ನಮ್ಮ ಸೀಮೆಯಲ್ಲಿ ಊರು ಯಾವುದು ಎಂದರೆ ಅಜ್ಜನ ಕಾಲದಿಂದ ಶುರುಮಾಡುವುದು ವಾಡಿಕೆಯಾದ್ದರಿಂದ ಪರೀಕ್ಷೆಗೆ ಇದು ಒಳ್ಳೆಯ ಪ್ರಶ್ನೆ.

ಮೊನ್ನೆ ಬೆಳಿಗ್ಗೆ ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕನ ಫೋನು ಬಂತು. ಹಲೋ ಎನ್ನುವ ಮುಂಚೆ ಧೂಳಿಗೆ ಒಂದು ಸಣ್ಣ ಕೆಮ್ಮು ಬಂದುಬಿಟ್ಟಿತು. ಅಷ್ಟೇ ಸಾಕಾಯಿತು.

"ಅದೇನ್ಲಾ ಕೆಮ್ಮು, ಮತ್ತೆ ಕಿಟ್ಕಿ ಪಕ್ಕ ಕುಂತಿದ್ದೆ ಅಂತ ಕಾಣ್ತದೆ, ಡಾಕ್ಟ್ರಮ್ಮನ ತಾವ ಓದ್ಯಾ ಇಲ್ವಾ, ಆ ಪ್ರೇಮುಂಗೆ ಏಳ್ತೀನಿ ತಡಿ, ನಿಂಗೆ ವಯಸ್ಸಾಯ್ತೇ ಒರ್ತು ಬುದ್ಧಿ ಅನ್ನದು..."

ನಿಂತಿತು. "ಅಕ್ಕಾ? ಅಕ್ಕಾ?" ಎಂದೆ.

"ತಡೀಲಾ, ಪಂಪ್ ಒತ್ಕತೀನಿ."

ಚುಸ್ ಎಂದು ಸದ್ದಾಯಿತು. ಬಸ್‌ಸ್ಟ್ಯಾಂಡಿನ ಗಲಾಟೆಯ ನಡುವೆ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಒಂದು, ಎರಡು, ಮೂರು. ಮಳವಳ್ಳಿ ಬಸ್ಸು ಬಂದು ನಿಂತಿತು. ಏಳು, ಎಂಟು. ಜನ ಹತ್ತುತ್ತಿದ್ದರು, ಕಂಡಕ್ಟರ್ ನನ್ನನ್ನು ಗುರುತು ಹಿಡಿದು ಕೈಬೀಸಿ ಕರೆದ. ಹತ್ತು.

"...ಬರ್ನಿಲ್ವಲ್ಲೋ ಇನ್ನೂ!" ಎಂದು ಅಕ್ಕ ಬಿಟ್ಟಲ್ಲಿಂದಲೇ ಹಿಡಿದುಕೊಂಡಳು. ಅಲ್ಲಿಂದ ಮುಂದಕ್ಕೆ ನನ್ನ ಗಣಿತದ ಮಾರ್ಕ್ಸ್ ಕಾರ್ಡಿನವರೆಗೂ ಹೋದಳು.

ನಾನು ಕಂಡಕ್ಟರಿಗೆ ಹೋಗಪ್ಪ ಎಂದು ಸನ್ನೆ ಮಾಡಿದೆ. ಬಸ್ಸುಗಳಿಗೇನು, ಅರ್ಧ ಗಂಟೆಗೊಂದು ಇದೆ.